ಸೆಲ್ಫ್ ಹೊಡೆಯುವ ಮುಂಚೆ

ತಮ್ಮಾ, ಬರುವ ಭಾನುವಾರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಿಮ್ಮಜ್ಜನ ಅಂಬಾಸಿಡರ್ ಎಳೆದು ಚಾಲೂ ಮಾಡ್ತೀವಿ ಅಂತ ನೀನೂ ನಿನ್ನ ಗೆಳೆಯರೂ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಆ ಹಗ್ಗ ಬಿಚ್ಚಿಡು. ಗಾಡಿ ಮತ್ತೆ ಓಡಬೇಕೆಂಬ ಆಸೆ ನಿನಗೆಷ್ಟಿದೆಯೋ ನನಗೂ ಅಷ್ಟೇ ಇದೆ. ಅದು ಹೊಸದಾಗಿ ಹಿಟ್ನಾಳಕ್ಕೆ ಬಂದಾಗ ನಾನು ಸಣ್ಣ ಹುಡುಗ. ಬಾನೆಟ್ ಎತ್ತಿದರೆ ಸಾಕು, ಓಡಿ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಮುಂದೆ ಊರ ಕ್ರಾಸಿನಲ್ಲಿ ಪಾನಾ ಹಿಡಿದು ಹೊಟ್ಟೆ ಹೊರೆದುಕೊಳ್ಳುವ ಬುದ್ಧಿ ಬಂದದ್ದು ಆ ಬಾನೆಟ್ಟಿನ ಕೆಳಗೆ ನೋಡಿದ್ದರಿಂದಲೇ. ಅದಕ್ಕೇ ಹೇಳುತ್ತೇನೆ, ಮೂವತ್ತು ವರ್ಷದ ಮೇಲೆ ಶೆಡ್ಡಿನಲ್ಲಿ ನಿಂತ ಎಂಜಿನ್ ನಿಂತದ್ದರಿಂದ ಕೆಡುವುದಕ್ಕಿಂತ ಚಾಲೂ ಮಾಡುವ ಆತುರದಲ್ಲಿ ಕೆಡುವುದೇ ಹೆಚ್ಚು.

ನಮ್ಮ ಕಡೆ ಹಗೇವು ತೆಗೆಯುವುದನ್ನು ನೀನು ಕಂಡಿರಲಿಕ್ಕಿಲ್ಲ. ಜೋಳ ತುಂಬಿ ಬಾಯಿ ಮುಚ್ಚಿದ ಹಗೇವನ್ನು ವರ್ಷಗಳ ಮೇಲೆ ತೆರೆದಾಗ ಹಿರಿಯರು ಯಾರನ್ನೂ ಕೂಡಲೇ ಒಳಗೆ ಇಳಿಸುತ್ತಿರಲಿಲ್ಲ. ಬಾಯಿ ತೆರೆದು ಬಿಡುವರು, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾಯುವರು, ದೀಪ ಇಳಿಬಿಟ್ಟು ನೋಡುವರು. ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ನಿಮ್ಮಜ್ಜನ ಗಾಡಿಯ ಬಾನೆಟ್ಟನ್ನೂ ಅದೇ ಎಚ್ಚರದಲ್ಲಿ ತೆರೆಯಬೇಕು.

ಎಳೆದರೆ ಏನಾಗುತ್ತದೆ ಅಂತ ಮೊದಲು ತಿಳಿದುಕೋ. ನಿಮ್ಮದು 1489 ಸಿಸಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇಂಗ್ಲೆಂಡಿನ ಬಿಎಂಸಿಯವರು ರೂಪಿಸಿದ್ದು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು ಮಾಡಿದ್ದು. ಬ್ಲಾಕೂ ಹೆಡ್ಡೂ ಎರಡೂ ಬೀಡುಕಬ್ಬಿಣ. ಬೀಡು ಅಂದರೇನು ಅಂತ ಹಿಟ್ನಾಳದವರಿಗೆ ಬೇರೆಯವರು ಬಂದು ಹೇಳಬೇಕಾಗಿಲ್ಲ. ಪಕ್ಕದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಟ್ರ್ಯಾಕ್ಟರುಗಳ, ಮೋಟಾರುಗಳ ಸಿಲಿಂಡರ್ ಬ್ಲಾಕು, ಹೆಡ್ಡು ಎರಕವಾಗುತ್ತವೆ, ನಮ್ಮೂರ ಹುಡುಗರೇ ಅಲ್ಲಿ ದುಡಿಯುತ್ತಾರೆ. ಅವರನ್ನೇ ಕೇಳು. ಬೂದು ಬೀಡಿನೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಿರುತ್ತವೆ. ಅದರಿಂದಲೇ ಅದು ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ಸವೆತ ತಡೆಯುತ್ತದೆ. ಅದರಿಂದಲೇ ಪೆಟ್ಟು ಬಿದ್ದರೆ ಬಗ್ಗದೆ ಬಿರುಕು ಬಿಡುತ್ತದೆ.

ಪಿಸ್ಟನ್ನಿನ ಸುತ್ತ ಇರುವ ರಿಂಗುಗಳೂ ಬೀಡೇ. ಗಾಡಿ ನಿಂತಾಗ ಬೋರಿನ ಗೋಡೆಯ ಎಣ್ಣೆ ತಿಂಗಳುಗಳಲ್ಲಿ ಇಳಿದುಹೋಗುತ್ತದೆ. ನಾಲ್ಕು ಸಿಲಿಂಡರುಗಳಲ್ಲಿ ಒಂದೋ ಎರಡೋ ಸಿಲಿಂಡರಿನ ವಾಲ್ವು ತೆರೆದೇ ನಿಂತಿರುತ್ತದೆ. ಹೊರಗಿನ ತೇವದ ಗಾಳಿ ಸೈಲೆನ್ಸರಿನಿಂದಲೋ ಕಾರ್ಬೊರೇಟರಿನಿಂದಲೋ ಅಲ್ಲಿಗೆ ನೇರ ಹೋಗುತ್ತದೆ, ರಿಂಗೂ ಬೋರೂ ತುಕ್ಕಿನಿಂದ ಒಂದಕ್ಕೊಂದು ಅಂಟುತ್ತವೆ. ಹೆಡ್ಡು ಬಿಚ್ಚಿದಾಗ ಮೂರು ಬೋರು ಕನ್ನಡಿಯಷ್ಟು ಚೊಕ್ಕಟ, ಒಂದೇ ಒಂದು ಕೆಂಪಗೆ ತುಕ್ಕು ಹಿಡಿದಿರುವುದನ್ನು ನಾನು ಬಹಳ ಗಾಡಿಗಳಲ್ಲಿ ಕಂಡಿದ್ದೇನೆ. ಆ ಒಂದನ್ನು ಬಿಡಿಸದೆ ಟ್ರ್ಯಾಕ್ಟರಿನ ಬಲದಿಂದ ಎಳೆದರೆ ರಿಂಗು ತುಂಡಾಗುತ್ತದೆ, ಪಿಸ್ಟನ್ನಿನ ಅಂಚು ಒಡೆಯುತ್ತದೆ, ಕನೆಕ್ಟಿಂಗ್ ರಾಡು ಬಗ್ಗುತ್ತದೆ. ವಾಲ್ವು ಅಂಟಿದ್ದರೆ ಪುಶ್‌ರಾಡು ಸೊಟ್ಟಗಾಗುತ್ತದೆ. ಆಮೇಲೆ ಎಷ್ಟು ದುಡ್ಡು ಸುರಿದರೂ ಅದು ಅಜ್ಜ ಓಡಿಸಿದ ಎಂಜಿನ್ ಅಲ್ಲ.

ಇನ್ನೊಂದು ಮಾತು, ಇದನ್ನು ಪಾನಾ ಹಿಡಿಯುವ ಮುಂಚೆ ಕೇಳಿಕೊಳ್ಳಬೇಕು: ಗಾಡಿ ನಿಂತದ್ದು ಯಾಕೆ? ಓಡಿಸುವವರಿಲ್ಲದೆ ನಿಂತಿತೋ, ಏನಾದರೂ ಕೆಟ್ಟು ನಿಂತಿತೋ? ಇವೆರಡಕ್ಕೂ ನೆಲ ಮುಗಿಲಿನ ಅಂತರ. ಮನೆಯ ಯಜಮಾನ ಹೋದ ಮೇಲೆ, ಪಾಲುಪಟ್ಟಿಯ ತಕರಾರಿನಲ್ಲಿ, ಪೆಟ್ರೋಲಿನ ಖರ್ಚು ಹೊರಲಾರದೆ ನಿಂತ ಗಾಡಿಗಳಲ್ಲಿ ನಿಂತ ದಿನ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಕಾದು ನಿಂತದ್ದು, ಬೇರಿಂಗ್ ಸದ್ದು ಬಂದು ನಿಂತದ್ದು, ನೀರು ಎಣ್ಣೆಯೊಳಗೆ ಸೇರಿ ನಿಂತದ್ದು ಆದರೆ ಆ ರೋಗ ಇವತ್ತಿಗೂ ಅಲ್ಲೇ ಕೂತಿದೆ, ಮೇಲೆ ಮೂವತ್ತು ವರ್ಷದ ತುಕ್ಕೂ ಸೇರಿದೆ. ನಿಮ್ಮವ್ವನನ್ನು ಕೇಳು. ಆಗಿನ ಡ್ರೈವರ್ ಇನ್ನೂ ಇದ್ದಾರಲ್ಲ, ಅವರ ಮನೆಗೆ ಹೋಗಿ ಕೂತು ಕೇಳು. ಕೊನೆಯ ಸಲ ಎಲ್ಲಿಗೆ ಹೋಗಿ ಬಂದಿರಿ, ಆಯಿಲ್ ಮುಳ್ಳು ಎಷ್ಟರಲ್ಲಿ ನಿಲ್ಲುತ್ತಿತ್ತು, ಹೊಗೆ ಯಾವ ಬಣ್ಣದ್ದಿತ್ತು, ನೀರು ಎಷ್ಟು ದಿನಕ್ಕೊಮ್ಮೆ ಹಾಕುತ್ತಿದ್ದಿರಿ. ವಯಸ್ಸಾದವರಿಗೆ ಮನೆಯವರ ಹೆಸರು ಮರೆತೀತು, ಗಾಡಿಯ ಸದ್ದು ಮರೆಯುವುದಿಲ್ಲ.

ಶೆಡ್ಡಿನ ಬಾಗಿಲು ತೆಗೆಯುವ ದಿನ ಉದ್ದನೆಯ ಕೋಲೂ ಟಾರ್ಚೂ ತಗೊಂಡು ಹೋಗು, ಕಾಲಿಗೆ ಬೂಟು ಇರಲಿ. ಎರೆನೆಲದ ಬಿರುಕಿನ ಊರು ನಮ್ಮದು. ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಬ್ಯಾಟರಿ ಕೂಡುವ ಜಾಗದಲ್ಲಿ ಚೇಳೂ ಹಾವೂ ಮನೆ ಮಾಡಿರುತ್ತವೆ. ಇಲಿ ಇದ್ದಲ್ಲಿ ಹಾವು ಬಂದೇ ಬರುತ್ತದೆ, ಮತ್ತೆ ನಿಂತ ಗಾಡಿಯಲ್ಲಿ ಇಲಿ ಇಲ್ಲದಿರುವುದು ಅಪರೂಪ. ಏರ್ ಕ್ಲೀನರಿನ ಡಬ್ಬಿಯೊಳಗೆ, ಸೈಲೆನ್ಸರಿನ ಬಾಯಲ್ಲಿ ಅವು ಬಟ್ಟೆ ಚಿಂದಿ, ಶೇಂಗಾ ಸಿಪ್ಪೆ ತುಂಬಿರುತ್ತವೆ. ವೈರಿನ ಮೇಲಿನ ಹೊದಿಕೆ ಕಡಿದಿರುತ್ತವೆ. ಎಲ್ಲವನ್ನೂ ಹೊರಗೆ ತೆಗೆ. ಬಿಚ್ಚುವ ಮುಂಚೆ ಪ್ರತಿ ಮೂಲೆಯ ಫೋಟೋ ಹೊಡೆದುಕೋ. ನಾವು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದೆವು, ನಿಮ್ಮ ಕೈಯಲ್ಲಿ ಮೊಬೈಲ್ ಇದೆ.

ಗಾಡಿಯನ್ನು ನೀರು ಹೊಡೆದು ತೊಳೆಯಬೇಡ. ಗಿಣಿಗೇರಾ ಕಡೆಯ ಕಾರ್ಖಾನೆಗಳ ಕಪ್ಪು ಧೂಳು ನಮ್ಮ ಮಾಳಿಗೆಯ ಮೇಲೆ ಕೂರುವಂತೆ ಎಂಜಿನ್ನಿನ ಮೇಲೂ ದಪ್ಪಗೆ ಕೂತಿದೆ. ತೊಳೆದರೆ ಅದು ಕೆಸರಾಗಿ ಪ್ಲಗ್ಗಿನ ಗುಂಡಿಗೆ ಇಳಿಯುತ್ತದೆ, ಪ್ಲಗ್ ಬಿಚ್ಚಿದಾಗ ಬೋರಿಗೆ ಬೀಳುತ್ತದೆ. ಒಣ ಬ್ರಷ್ಷಿನಿಂದ ಉಜ್ಜು, ಗಾಳಿಯಿಂದ ಊದು. ಆದರೆ ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಮಾತ್ರ ಎಂದೂ ಗಾಳಿ ಹೊಡೆದು ಊದಬೇಡ. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು; ಆ ಧೂಳು ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕು.

ಇನ್ನು ಟಾಕಿಯಲ್ಲಿ ಉಳಿದ ಪೆಟ್ರೋಲು. ಇದರ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ: ಪೈಪು ಹಾಕಿ ಬಾಯಿಂದ ಎಳೆಯಬೇಡ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಹಾಗೆ ಮಾಡಿದವರೇ, ಅದು ತಪ್ಪು. ನಿಮ್ಮ ಗಾಡಿ ನಿಂತ ಕಾಲಕ್ಕೆ ಬಂಕಿನಲ್ಲಿ ಸಿಗುತ್ತಿದ್ದದ್ದು ಸೀಸ ಬೆರೆಸಿದ ಪೆಟ್ರೋಲು. ದೇಶದಾದ್ಯಂತ ಅದು ನಿಂತದ್ದು 2000ದ ಫೆಬ್ರವರಿ 1ರಿಂದ. ಅಂದರೆ ಆ ಟಾಕಿಯ ತಳದ ಅಂಟಿನಲ್ಲಿ ಸೀಸ ಇದೆ. ಡ್ರೈನ್ ನಟ್ಟು ಬಿಚ್ಚಿ ಇಳಿಸು, ಇಲ್ಲವೇ ಕೈ ಪಂಪಿನಿಂದ ತೆಗೆ, ಕೈಗೆ ಗ್ಲೌಸ್ ಹಾಕಿಕೋ. ತೆಗೆದದ್ದನ್ನು ಹೊಲದ ಬದುವಿಗೋ ಕಾಲುವೆಗೋ ಚೆಲ್ಲಬೇಡ; ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಿಗೆ ಹೋಗುತ್ತದೆ. ಟಾಕಿ ಇಳಿಸಿ ತೊಳೆದು ಒಣಗಿಸಬೇಕು. ಸೋರುತ್ತಿದ್ದರೆ ಬೆಸುಗೆಗೆ ಅವಸರ ಮಾಡಬೇಡ. ಖಾಲಿ ಟಾಕಿಯೊಳಗಿನ ಪೆಟ್ರೋಲಿನ ಆವಿ ತುಂಬಿದ ಟಾಕಿಗಿಂತ ಅಪಾಯ. ರೇಡಿಯೇಟರ್, ಟಾಕಿ ಬೆಸೆಯುವುದನ್ನೇ ಕಸುಬು ಮಾಡಿಕೊಂಡವರು ಹೊಸಪೇಟೆಯಲ್ಲಿದ್ದಾರೆ, ಅದಿರಿನ ಲಾರಿಗಳ ಕಾಲದಿಂದ ಅವರ ಕೈ ಪಳಗಿದೆ, ಅವರಿಗೇ ಒಪ್ಪಿಸು.

ಈಗ ಮುಖ್ಯ ಕೆಲಸಕ್ಕೆ ಬಾ. ನಾಲ್ಕೂ ಪ್ಲಗ್ ಬಿಚ್ಚು. ಬರದಿದ್ದರೆ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಬೇಡ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಕಳೆಯಲಿ, ಬೆಳಗ್ಗೆ ಒಂದಿಷ್ಟು ಬಿಗಿ ಮಾಡಿ ಆಮೇಲೆ ಸಡಿಲ ಮಾಡು. ಬಿಚ್ಚಿದ ಪ್ಲಗ್ಗುಗಳನ್ನು ಅದೇ ಸಾಲಿನಲ್ಲಿ ಇಡು. ಯಾವ ಸಿಲಿಂಡರಿನ ಪ್ಲಗ್ ತುಕ್ಕು ಹಿಡಿದಿದೆಯೋ ತೊಂದರೆ ಅಲ್ಲಿದೆ.

ಪ್ರತಿ ರಂಧ್ರಕ್ಕೂ ಎಣ್ಣೆ ಬಿಡು. ಪವರ್ ಸ್ಟೀರಿಂಗಿಗೆ ಹಾಕುವ ತೆಳು ಎಣ್ಣೆಗೆ ಅಷ್ಟೇ ಅಸಿಟೋನ್ ಕೂಡಿಸಿ ಬಿಡುವವರಿದ್ದಾರೆ. ನಾವು ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಬಿಡುತ್ತಿದ್ದೆವು. ಎರಡೂ ಕೆಲಸ ಮಾಡುತ್ತವೆ. ಅಸಿಟೋನ್ ಬೆಂಕಿಗೆ ಬೇಗ ಹತ್ತುತ್ತದೆ, ಹತ್ತಿರ ಬೀಡಿ ಸೇದುವವರನ್ನು ಬಿಡಬೇಡ. ಎರಡು ಮೂರು ಚಮಚ ಸಾಕು, ತುಂಬಿಸಬೇಡ. ಪ್ಲಗ್ಗಿನ ಬಾಯಿಗೆ ಬಟ್ಟೆ ಮುಚ್ಚಿ ಮನೆಗೆ ಹೋಗು. ಮರುದಿನ ನೋಡು, ಇಳಿದಿದ್ದರೆ ಮತ್ತೆ ಬಿಡು. ಎಲ್ಲ ಸಿಲಿಂಡರುಗಳಲ್ಲಿ ಎಣ್ಣೆ ಮೆಲ್ಲಗೆ ಇಳಿದರೆ ಒಳ್ಳೆಯ ಲಕ್ಷಣ, ರಿಂಗಿನ ಸಂದಿಗೆ ದಾರಿ ಸಿಕ್ಕಿದೆ. ಒಂದರಲ್ಲಿ ಮಾತ್ರ ಹಾಗೆಯೇ ನಿಂತಿದ್ದರೆ ಅದಕ್ಕೆ ಹೆಚ್ಚು ದಿನ ಬೇಕು. ಇದು ಒಂದು ವಾರದಲ್ಲೂ ಮುಗಿದೀತು, ತಿಂಗಳೂ ಹಿಡಿದೀತು. ಈ ಕಾಯುವ ದಿನಗಳಲ್ಲಿ ನಿನ್ನ ಗೆಳೆಯರು ಬೇಸರ ಮಾಡಿಕೊಂಡು ಒಬ್ಬೊಬ್ಬರೇ ಬಿಟ್ಟು ಹೋಗುತ್ತಾರೆ, ಹೋಗಲಿ. ಕಾಯಲು ಬಾರದವರ ಕೈ ಗಾಡಿಗೆ ಸೋಕದಿರುವುದೇ ಮೇಲು.

ಕಾಯುವಾಗ ಸುಮ್ಮನೆ ಕೂಡಬೇಕಾಗಿಲ್ಲ. ಮೇಲಿನ ತಗಡಿನ ಮುಚ್ಚಳ ತೆಗೆದರೆ ರಾಕರ್ ಸಾಲು ಕಾಣುತ್ತದೆ. ಪ್ರತಿ ವಾಲ್ವಿನ ಕಡ್ಡಿಗೂ ಹನಿ ಹನಿಯಾಗಿ ಎಣ್ಣೆ ಬಿಡು. ಮರದ ತುಂಡಿಟ್ಟು ಮೇಲಿಂದ ಮೆಲ್ಲಗೆ ತಟ್ಟಿದರೆ ಮುಚ್ಚಿದ ವಾಲ್ವು ಸ್ಪ್ರಿಂಗಿನ ಬಲದಿಂದ ಪುಟಿದು ಬರಬೇಕು. ಪುಟಿಯದಿದ್ದರೆ ಅದು ಹಿಡಿದಿದೆ, ಬಿಡಿಸದೆ ಕ್ರ್ಯಾಂಕ್ ತಿರುಗಿಸಬೇಡ.

ಇಷ್ಟಾದ ಮೇಲೆ ಹ್ಯಾಂಡಲ್. ಡಿಕ್ಕಿಯಲ್ಲೋ ಅಟ್ಟದ ಮೇಲೋ ಆ ಬಾಗಿದ ಕಬ್ಬಿಣ ಇರಲೇಬೇಕು, ಹುಡುಕು. ಗೇರ್ ನ್ಯೂಟ್ರಲ್ಲಿಗೆ ಹಾಕಿ, ಮುಂದಿನ ಬಂಪರಿನ ರಂಧ್ರದಿಂದ ತೂರಿಸಿ, ಮೆಲ್ಲಗೆ ಒತ್ತು ಕೊಡು. ಪ್ಲಗ್ ಬಿಚ್ಚಿದ್ದರಿಂದ ಒಳಗೆ ಕಂಪ್ರೆಶನ್ ಇರುವುದಿಲ್ಲ, ಅಡ್ಡಿ ಬಂದರೆ ಅದು ತುಕ್ಕಿನದೇ. ಒಂದು ಬೆರಳಿನಷ್ಟು ಅಲುಗಿದರೆ ಅಲ್ಲಿಗೇ ನಿಲ್ಲಿಸು. ಹಿಂದಕ್ಕೆ ತರಲು ಹ್ಯಾಂಡಲಿನಿಂದ ಆಗುವುದಿಲ್ಲ. ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಇಬ್ಬರು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿರಿ. ಅಲುಗಿದಷ್ಟರಲ್ಲೇ ಆಡಿಸುತ್ತಾ ಎಣ್ಣೆ ಬಿಡುತ್ತಾ ಹೋದರೆ ಜಾಗ ತಾನಾಗಿ ಹಿಗ್ಗುತ್ತದೆ. ಪೂರ್ತಿ ಎರಡು ಸುತ್ತು ತಿರುಗಿದ ದಿನ ನೀನು ಅರ್ಧ ಗೆದ್ದೆ. ಮುಂದೆ ಪ್ಲಗ್ ಹಾಕಿ ಹ್ಯಾಂಡಲ್ ಹೊಡೆಯುವ ಸಂದರ್ಭ ಬಂದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೋ, ಹಿಡಿಯ ಸುತ್ತ ಹಾಕಬೇಡ. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳೂ ಮಣಿಕಟ್ಟೂ ಮುರಿಯುತ್ತವೆ.

ತಿರುಗಿದ ಖುಷಿಯಲ್ಲಿ ಕೂಡಲೇ ಬ್ಯಾಟರಿ ತರಲು ಓಡಬೇಡ. ಕೆಳಗಿನ ಸಂಪು ಬಿಚ್ಚು. ಹಳೆಯ ಎಣ್ಣೆ ಬರೀ ಇಳಿಸಿ ಹೊಸದು ಹಾಕಿದರೆ ಸಾಲದು. ತಳದಲ್ಲಿ ಕಪ್ಪು ಅಂಟು ಗಟ್ಟಿಯಾಗಿ ಕೂತಿರುತ್ತದೆ, ಹೊಸ ಎಣ್ಣೆ ಅದನ್ನು ಕರಗಿಸಿ ಪಂಪಿನ ಜಾಲರಿಗೆ ಒಯ್ಯುತ್ತದೆ. ಜಾಲರಿ ಕಟ್ಟಿದರೆ ಬೇರಿಂಗಿಗೆ ಎಣ್ಣೆ ಹೋಗುವುದಿಲ್ಲ, ಮೂರು ಮೇನ್ ಬೇರಿಂಗಿನ ಕ್ರ್ಯಾಂಕು ನಿಮಿಷಗಳಲ್ಲಿ ಹಾಳಾಗುತ್ತದೆ. ಸಂಪು ತೊಳೆ, ಜಾಲರಿ ತೊಳೆ, ಫಿಲ್ಟರ್ ಬದಲಿಸು, ಹೊಸ ಗ್ಯಾಸ್ಕೆಟ್ ಹಾಕು, ಸುಮಾರು ನಾಲ್ಕು ಲೀಟರ್ ಎಣ್ಣೆ ತುಂಬು. ಹೊಸ ಕಾರುಗಳ ತೆಳು ಸಿಂಥೆಟಿಕ್ ಎಣ್ಣೆ ಇದಕ್ಕಲ್ಲ. 20ಡಬ್ಲ್ಯೂ-50 ದಪ್ಪದ್ದು, ಅದರಲ್ಲಿ ಜಿಂಕ್ ಇರುವಂಥದ್ದು ಕೇಳಿ ತಗೋ. ಕ್ಯಾಮೂ ಟ್ಯಾಪೆಟ್ಟೂ ಉಜ್ಜಿಕೊಂಡೇ ನಡೆಯುವ ಈ ಎಂಜಿನ್ನಿಗೆ ಜಿಂಕಿನ ರಕ್ಷಣೆ ಬೇಕು.

ನೀರಿನ ಮಾತು ನಮ್ಮ ಜಿಲ್ಲೆಯವರಿಗೆ ಬೇರೆಯೇ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳ ನೋಡಿದ್ದೀಯಲ್ಲ, ಬಿಳಿ ಪದರ ಕಟ್ಟಿರುತ್ತದೆ. ಅದೇ ನೀರನ್ನು ವರ್ಷಗಟ್ಟಲೆ ಕುಡಿದ ರೇಡಿಯೇಟರಿನ ಕೊಳವೆಗಳೂ ಬ್ಲಾಕಿನೊಳಗಿನ ದಾರಿಗಳೂ ಹಾಗೆಯೇ ಕಟ್ಟಿಕೊಂಡಿರುತ್ತವೆ. ಅದರ ಮೇಲೆ ತುಕ್ಕಿನ ಕೆಸರು ಹಿಂದಿನ ಸಿಲಿಂಡರಿನ ಸುತ್ತ ಇಳಿದು ಕೂತಿರುತ್ತದೆ. ಬ್ಲಾಕಿನ ಬದಿಯಲ್ಲಿ ಒತ್ತಿ ಕೂಡಿಸಿದ ತಗಡಿನ ಬಿಲ್ಲೆಗಳಿವೆ. ಅವನ್ನು ತೆಗೆಸಿ, ಒಳಗೆ ತಂತಿ ಆಡಿಸಿ, ಕೆಸರು ಹೊರಗೆ ಬರುವವರೆಗೆ ನೀರು ಬಿಡು, ಹೊಸ ಬಿಲ್ಲೆ ಹಾಕಿಸು. ಇದನ್ನು ಮಾಡದೆ ಚಾಲೂ ಮಾಡಿದವರು ನಮ್ಮ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಕಾಯಿಸಿಕೊಂಡು ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡಿದ್ದಾರೆ. ಮುಂದೆ ಹಾಕುವುದು ಡಿಸ್ಟಿಲ್ಡ್ ನೀರೂ ಕೂಲೆಂಟೂ ಮಾತ್ರ.

ಕರೆಂಟಿನ ಕೆಲಸ ಹೆಚ್ಚು ಹೇಳಬೇಕಾಗಿಲ್ಲ, ನೀನು ಐಟಿಐ ಓದಿದವನು. ಒಂದೆರಡು ಮಾತ್ರ ನೆನಪಿಡು. ಬ್ಯಾಟರಿ ಜೋಡಿಸುವ ಮುಂಚೆ ಗಾಡಿಯ ಮೈಗೆ ಅರ್ತ್ ಆದ ತುದಿ ಯಾವುದು ನೋಡು; ಆ ಕಾಲದ ಇಂಗ್ಲಿಷ್ ನಮೂನೆಯ ಹಲವು ಗಾಡಿಗಳಲ್ಲಿ ಪ್ಲಸ್ಸೇ ಅರ್ತ್ ಆಗಿರುತ್ತಿತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟು ಹಸಿರುಗಟ್ಟಿರುತ್ತದೆ, ಉಜ್ಜಿ ಗ್ಯಾಪ್ 15 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇಡು, ಕಂಡೆನ್ಸರ್ ಹೊಸದು ಹಾಕು. ಪ್ಲಗ್ಗಿನ ಗ್ಯಾಪು 25 ಥೌ. ಟ್ಯಾಪೆಟ್ಟು 15 ಥೌ. ಫೈರಿಂಗ್ ಆರ್ಡರ್ 1-3-4-2, ವೈರು ಅದಲು ಬದಲು ಆಗದಂತೆ ಗುರುತು ಹಾಕಿಕೋ. ವೈರಿನ ಹೊದಿಕೆ ಪುಡಿಯಾಗುತ್ತಿದ್ದರೆ ಟೇಪು ಸುತ್ತಿ ಸಮಾಧಾನ ಮಾಡಿಕೊಳ್ಳಬೇಡ, ಆ ಸಾಲನ್ನೇ ಬದಲಿಸು.

ಪೆಟ್ರೋಲಿನ ದಾರಿಯಲ್ಲಿ ರಬ್ಬರು ಇದ್ದಲ್ಲೆಲ್ಲ ಹೊಸ ರಬ್ಬರು ಬೇಕು: ಪಂಪಿನ ಡಯಾಫ್ರಾಮು, ಪೈಪು, ಕಾರ್ಬೊರೇಟರಿನ ಸೀಲು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಎಥನಾಲ್ ತಡೆಯುವ ಪೈಪೇ ಬೇಕೆಂದು ಕೇಳಿ ತಗೋ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟಾಕಿಯಲ್ಲಿ ಆ ಪೆಟ್ರೋಲು ಬಿಡಬೇಡ. ಸೀಸವಿಲ್ಲದ ಪೆಟ್ರೋಲಿನಲ್ಲಿ ಹೆಚ್ಚು ವೇಗವಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವಿನ ಕೂಡುಜಾಗ ಸವೆಯುತ್ತದೆ. ಹೆಡ್ಡು ಬಿಚ್ಚುವ ಪ್ರಸಂಗ ಬಂದರೆ ಗಟ್ಟಿ ಉಕ್ಕಿನ ಸೀಟು ಕೂಡಿಸಲು ಲೇಥಿನವರಿಗೆ ಹೇಳು.

ಚಾಲೂ ಮಾಡುವ ದಿನ ಬೆಳಗಿನ ತಂಪಿನಲ್ಲಿ, ಶೆಡ್ಡಿನ ಹೊರಗೆ, ಚಕ್ರಕ್ಕೆ ಕಲ್ಲು ಕೊಟ್ಟು ಮಾಡು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಪ್ಲಗ್ ಹಾಕದೆಯೇ ಮೊದಲು ಸೆಲ್ಫ್ ಹೊಡೆ, ಐದಾರು ಸೆಕೆಂಡಿನಂತೆ, ನಡುವೆ ಬಿಡುವು ಕೊಟ್ಟು. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ, ಮೇಲೆ ರಾಕರಿನ ಹತ್ತಿರ ಎಣ್ಣೆ ಒಸರುವವರೆಗೆ ಹೊಡೆ. ಅದನ್ನು ಕಣ್ಣಾರೆ ಕಾಣದೆ ಪ್ಲಗ್ ಮುಟ್ಟಬೇಡ. ಆಮೇಲೆ ಪ್ಲಗ್ ಹಾಕಿ, ಹೊಸ ಪೆಟ್ರೋಲು ಬಿಟ್ಟು, ಚೋಕ್ ಎಳೆದು ಚಾಲೂ ಮಾಡು. ಕಾರ್ಬೊರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲು ಹೊಯ್ಯಲು ಯಾರಿಗೂ ಬಿಡಬೇಡ. ಹಿಂದಕ್ಕೆ ಬೆಂಕಿ ಉಗುಳಿದರೆ ಬಾಟಲಿ ಹಿಡಿದವನ ಮುಖಕ್ಕೆ ಬರುತ್ತದೆ.

ಎಂಜಿನ್ ಹಿಡಿದುಕೊಂಡಾಗ ಎಲ್ಲರೂ ಕೂಗುತ್ತಾರೆ, ನೀನು ಕೂಗಬೇಡ, ಕೇಳು. ಮುಳ್ಳು ನೋಡು, ಕೆಲವು ಸೆಕೆಂಡಿನಲ್ಲಿ ಪ್ರೆಶರ್ ಬರದಿದ್ದರೆ ಕೀಲಿ ತಿರುಗಿಸಿ ಆರಿಸು. ಮೊದಲಿಗೆ ದಟ್ಟ ಬಿಳಿ ನೀಲಿ ಹೊಗೆ ಬರುತ್ತದೆ, ನೀನು ಬಿಟ್ಟ ಎಣ್ಣೆಯೇ ಸುಡುತ್ತಿದೆ, ಹೆದರಬೇಡ. ಆ ನೀಲಿ ಹೊಗೆ ಎಷ್ಟು ಹೊತ್ತಾದರೂ ತೆಳುವಾಗದಿದ್ದರೆ ರಿಂಗು ಅಂಟಿವೆ. ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟಿನ ಮಾತು. ಕಪ್ಪಾದರೆ ಪೆಟ್ರೋಲು ಹೆಚ್ಚು. ಮೇಲಿನ ಟಕ್ ಟಕ್ ಸದ್ದು ಟ್ಯಾಪೆಟ್ಟಿನದು, ಅದು ಸರಿಹೋಗುತ್ತದೆ. ಕೆಳಗಿನಿಂದ ಭಾರದ ಧಡ್ ಧಡ್ ಬಂದರೆ ಇನ್ನೊಂದು ಸುತ್ತೂ ಓಡಿಸಬೇಡ. ಮೊದಲ ಓಟ ಸ್ವಲ್ಪ ಹೊತ್ತಿನದಾಗಲಿ. ತಣ್ಣಗಾದ ಮೇಲೆ ಎಣ್ಣೆ ನೋಡಿ, ಹೆಡ್ಡಿನ ಬಿಗಿ ನೋಡಿ, ಎರಡನೆಯ ಸಲ ಚಾಲೂ ಮಾಡು. ಬೇಗನೇ ಆ ಎಣ್ಣೆಯನ್ನೂ ಬದಲಿಸಿಬಿಡು.

ನಡುವೆ ಬಹಳ ಮಂದಿ ಬುದ್ಧಿ ಹೇಳಲು ಬರುತ್ತಾರೆ. ‘ಈ ಎಂಜಿನ್ ಯಾಕಪಾ, ಕಿತ್ತು ಒಗದು ಡೀಸೆಲ್ ಕೂಡ್ಸು, ಸುಮ್ನ ಓಡ್ತೈತಿ’ ಅನ್ನುತ್ತಾರೆ. ಒಂದು ಕಾಲಕ್ಕೆ ನಮ್ಮ ಭಾಗದಲ್ಲಿ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂಡಿಸದ ಗ್ಯಾರೇಜೇ ಇರಲಿಲ್ಲ, ಬಾಡಿಗೆ ಓಡಿಸುವವರಿಗೆ ಅದು ಸರಿಯೇ ಇತ್ತು. ನಿನಗೆ ಸರಿಯಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿ ವಿಂಟೇಜ್ ಅನ್ನಿಸಿಕೊಳ್ಳುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮದು 1968ರ ಗಾಡಿ, ವಯಸ್ಸು ಸಾಕಷ್ಟಾಗಿದೆ. ಡೀಸೆಲ್ ಕೂಡಿಸಿದ ದಿನ ಆ ಹಕ್ಕು ಹೋಯಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ಮುಂದಿನ ನವೀಕರಣಕ್ಕೆ 5,000. ಹಿಂದೆಯೇ ನೋಂದಣಿ ಆದ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು ರಿಪೇರಿಗಳ ಓಡಾಟಕ್ಕೆ ಮಾತ್ರ.

ಬುದ್ಧಿ ಕೇಳುವುದೇ ಆದರೆ ಕೈಯಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೇಳು. 2024ರ ಆಗಸ್ಟ್ 10ರ ರಾತ್ರಿ ಇಲ್ಲೇ ನಮ್ಮ ಪಕ್ಕದ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. 33 ಗೇಟುಗಳ, 70 ವರ್ಷ ದಾಟಿದ ಅಣೆಕಟ್ಟು. ಆಗ ಕರೆಸಿದ್ದು ನಿವೃತ್ತರಾದ, ವಯಸ್ಸಾದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಅವರು ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಅಡ್ಡ ಇಡುವ ಸ್ಟಾಪ್‌ಲಾಗ್ ಇಳಿಸುವ ದಾರಿ ತೋರಿಸಿದರು, ಒಂದು ವಾರದೊಳಗೆ ನೀರು ನಿಂತಿತು. ಈ ಭಾಗದ ಲಕ್ಷಾಂತರ ಎಕರೆಯ ಬೆಳೆ ಉಳಿಯಿತು. ಹಳೆಯ ಯಂತ್ರದ ಜ್ಞಾನ ಪುಸ್ತಕದಲ್ಲಿ ಅರ್ಧ ಇರುತ್ತದೆ, ಉಳಿದರ್ಧ ಇಂಥವರ ಕೈಯಲ್ಲಿರುತ್ತದೆ. ಗಂಗಾವತಿಯ ರೈಸ್ ಮಿಲ್ಲುಗಳ ನಡುವಿನ ಲೇಥುಗಳಲ್ಲಿ, ಹುಬ್ಬಳ್ಳಿಯ ಹಳೆಯ ಗ್ಯಾರೇಜುಗಳಲ್ಲಿ ಅಂಬಾಸಿಡರ್ ಬಿಚ್ಚಿ ಕೂಡಿಸಿದ ಮಿಸ್ತ್ರಿಗಳು ಇನ್ನೂ ಇದ್ದಾರೆ. ಈಗಲೇ ಹೋಗಿ ಅವರ ಹತ್ತಿರ ಕೂಡು. ಸಾಮಾನು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕು. ಯಾವ ನಟ್ಟು ಎಲ್ಲಿರಬೇಕು, ಮೂಲ ಬಣ್ಣ ಯಾವುದು ಅಂತ ತಿಳಿಯಬೇಕಾದರೆ ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾರುಗಳನ್ನು ಜೋಪಾನ ಮಾಡಿದ್ದಾರೆ, ಒಮ್ಮೆ ನೋಡಿಕೊಂಡು ಬಾ.

ಚಾಲೂ ಆದ ದಿನವೇ ಹುಲಿಗೆಮ್ಮನ ಗುಡಿಗೆ ಗಾಡಿ ತರ್ತೀನಿ ಅಂತ ನಿಮ್ಮವ್ವ ಹರಕೆ ಹೊತ್ತಿದ್ದಾರಂತೆ. ಅವರ ಮನಸ್ಸು ನೋಯಿಸದ ಹಾಗೆ ನಾನೇ ಹೇಳುತ್ತೇನೆ. ಎಂಜಿನ್ ಓಡುವುದು ಬೇರೆ, ಗಾಡಿ ನಿಲ್ಲುವುದು ಬೇರೆ. ಬ್ರೇಕಿನ ಎಣ್ಣೆ ನೀರು ಹೀರಿ ಚಕ್ರದ ಸಿಲಿಂಡರುಗಳು ಹಿಡಿದಿರುತ್ತವೆ, ರಬ್ಬರ್ ಪೈಪು ಒಳಗೇ ಉಬ್ಬಿ ದಾರಿ ಮುಚ್ಚಿರುತ್ತದೆ. ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ಬ್ರೇಕು ಇದ್ದ ಕಾಲದ ಗಾಡಿ ಅದು. ಎಲ್ಲಾದರೂ ಒಂದು ಕಡೆ ಸೋರಿದರೆ ಪೆಡಲು ನೆಲಕ್ಕೆ ಹೋಗುತ್ತದೆ. ಟೈರು ನೋಡಲು ದುಂಡಗಿದ್ದರೂ ಒಳಗೆ ಸತ್ತಿರುತ್ತದೆ. ಕುಷ್ಟಗಿ ಕಡೆಯ ಹೆದ್ದಾರಿಯೂ ಕೊಪ್ಪಳದ ಹೆದ್ದಾರಿಯೂ ಕೂಡುವ ಕ್ರಾಸಿನಲ್ಲಿ ಅದಿರಿನ ಲಾರಿಗಳ ನಡುವೆ ಇಂಥ ಗಾಡಿ ಇಳಿಸುವುದು ನನಗೆ ಒಪ್ಪಿಗೆ ಇಲ್ಲ. ಬ್ರೇಕು, ಟೈರು, ಸ್ಟೀರಿಂಗು ಮೂರೂ ಹೊಸದಾದ ಮೇಲೆ, ಇನ್ಶೂರೆನ್ಸ್ ಕೈಗೆ ಬಂದ ಮೇಲೆ ಹೋಗೋಣ. ತಾಯಿ ಹುಲಿಗೆಮ್ಮ ಅಷ್ಟು ದಿನ ಕಾಯುತ್ತಾಳೆ.

ಈಗ ಸಂದೂಕದಲ್ಲಿ ಆರ್‌ಸಿ ಪುಸ್ತಕ ಹುಡುಕು. ಗಾಡಿ ಕೊಂಡಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು, ನಮ್ಮದು ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ದಾಖಲೆ ಕೊಪ್ಪಳದ ಆರ್‌ಟಿಒದಲ್ಲಿ ಸಿಗದಿದ್ದರೆ ರಾಯಚೂರಿನಲ್ಲಿ ಕೇಳಬೇಕಾಗುತ್ತದೆ. ಭಾನುವಾರ ಟ್ರ್ಯಾಕ್ಟರ್ ಬೇಡ ಅಂತ ಗೆಳೆಯರಿಗೆ ಹೇಳಿ, ಆ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಾ. ಇಬ್ಬರೂ ಶೆಡ್ಡಿಗೆ ಹೋಗಿ ಚಾಸಿ ನಂಬರು, ಎಂಜಿನ್ ನಂಬರು ಪುಸ್ತಕಕ್ಕೆ ಹೊಂದುತ್ತವೆಯೋ ನೋಡಿ, ಪ್ಲಗ್ ಬಿಚ್ಚಿ ಮೊದಲ ಸಲ ಎಣ್ಣೆ ಬಿಟ್ಟು ಬರೋಣ.